ನೈರೋಬಿಯಿಂದ: ಹಳದಿ ಕಾರ್ಡು

ನೈರೋಬಿಗೆ ಬರ್ತೀನಿ ಅನ್ನುವವರೆಲ್ಲ ನನ್ನನ್ನು ಕೇಳುವುದು ಲಗೇಜ್ ಎಷ್ಟು ಕೆಜಿ ಅಂತ. ಹಳದಿ ಕಾರ್ಡಿನ ಬಗ್ಗೆ ಕೇಳುವವರು ಕಡಿಮೆ. ಕೇಳಿದವರೂ, "ದುಡ್ಡು ಕೊಟ್ರೆ ಏಜೆಂಟ್ ಕಾರ್ಡ್ ಮಾಡಿಸಿ ಕೊಡ್ತಾನಂತೆ ಅಕ್ಕಾ, ಸೂಜಿ ಯಾಕೆ?" ಅಂತಾರೆ. ಆ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇಲ್ಲಿಂದ ಊರಿಗೆ ಮರಳುವಾಗ ನಮ್ಮ ಏರ್‌ಪೋರ್ಟಿನಲ್ಲಿ ಯೆಲ್ಲೋ ಫೀವರ್ ಲಸಿಕೆಯ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್. ಲಸಿಕೆ ಹಾಕಿಸಿಕೊಂಡು 10 ದಿನ ಆದಮೇಲೆಯೇ ಆ ಕಾರ್ಡಿಗೆ ಬೆಲೆ. ವಾರದ ಮಟ್ಟಿಗೆ ಬರುವವರು ಹೊರಡುವ ಹಿಂದಿನ ದಿನ ಹಾಕಿಸಿಕೊಂಡರೆ ಮರಳುವಾಗ ಸಿಕ್ಕಿಬೀಳುತ್ತಾರೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು, 2016ರಿಂದ ಹಾಗೆ.

ಇಷ್ಟು ಬಿಗಿ ಯಾಕೆ ಗೊತ್ತಾ? ಭಾರತದಲ್ಲಿ ಈ ಜ್ವರ ಇಲ್ಲ, ಆದರೆ ಅದನ್ನು ಹರಡುವ ಸೊಳ್ಳೆ ಇದೆ. ಡೆಂಗಿ ತರುವ ಅದೇ ಈಡಿಸ್. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಹಿತ್ತಲಿನ ತೆಂಗಿನ ಚಿಪ್ಪು, ಅಷ್ಟರಲ್ಲಿ ನಿಂತ ಮಳೆನೀರು ಸಾಕು ಅದಕ್ಕೆ. ಜ್ವರ ಹೊತ್ತ ಒಬ್ಬರು ಊರು ಸೇರಿದರೆ ಉಳಿದದ್ದನ್ನು ಸೊಳ್ಳೆ ನೋಡಿಕೊಳ್ಳುತ್ತದೆ. ಈ ಕಾಯಿಲೆಗೆಂದೇ ಔಷಧಿಯೂ ಇಲ್ಲ. ಹಾಗಾಗಿ ಕೌಂಟರಿನಲ್ಲಿ ನಿಲ್ಲಿಸಿದರು ಅಂತ ಬೈಯುವವರ ಪರ ನಾನಿಲ್ಲ.

ಕಿಲಿಮಂಜಾರೋ ನೋಡಲು ನಮಂಗಾ ಗಡಿ ದಾಟಿ ತಾಂಜಾನಿಯಾಕ್ಕೆ ಹೋಗುವವರಿಗೂ ಈ ಕಾರ್ಡ್ ಬೇಕು. ಅಂದಹಾಗೆ, ಪ್ಲಾಸ್ಟಿಕ್ ಕೈಚೀಲ ತರಬೇಡಿ. 2017ರ ಆಗಸ್ಟಿನಿಂದ ಕೀನ್ಯಾದಲ್ಲಿ ನಿಷೇಧ. ಅಮ್ಮನ ಬಟ್ಟೆಚೀಲವೇ ಒಳ್ಳೆಯದು.

ಮೊಟ್ಟೆ ಅಲರ್ಜಿ ಇರುವವರು, 60 ದಾಟಿದವರು ಲಸಿಕೆಗೆ ಮೊದಲೇ ಡಾಕ್ಟರಿಗೆ ಹೇಳಿ. ಟಿಕೆಟ್ ಮಾಡಿಸುವ ಮುಂಚೆ ನನಗೊಂದು ಮೆಸೇಜ್ ಹಾಕಿ. ನೈಟ್ ಡ್ಯೂಟಿ ಇದ್ದರೆ ಉತ್ತರ ಸ್ವಲ್ಪ ತಡ.