ಎದೆಯುರಿಯೂ ಹೊಟ್ಟೆಯ ಹುಣ್ಣೂ ಒಂದೇ ಅಲ್ಲ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತ್ತು. ಕುಶಲೋಪರಿ ಮುಗಿದ ಮೇಲೆ, "ಮೇಷ್ಟ್ರೇ, ಎಂಡೋಸ್ಕೋಪಿ ಮಾಡಿಸಿದೆ. ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇದೆಯಂತೆ. 14 ದಿನಗಳಿಗೆ ಮಾತ್ರೆ ಬರೆದುಕೊಟ್ಟಿದ್ದಾರೆ. ಇನ್ನು ಈ ಎದೆಯುರಿಯ ಕಾಟ ತಪ್ಪಿದ ಹಾಗೆ ಅಲ್ಲವೇ?" ಎಂದು ಕೇಳಿದ. ಹೌದೆನ್ನಲು ನನಗೆ ನಾಲಗೆ ಏಳಲಿಲ್ಲ.

ಹಿಂದೊಮ್ಮೆ ನಾನೂ ಇದೇ ಆಸೆ ಕಟ್ಟಿಕೊಂಡಿದ್ದವನು. ಮಾತ್ರೆಗಳನ್ನು ಒಂದು ಹೊತ್ತೂ ತಪ್ಪಿಸದೆ ನುಂಗಿದೆ. ಸಣ್ಣ ಕರುಳಿನ ಮೊದಲ ಭಾಗದಲ್ಲಿದ್ದ ಹುಣ್ಣು ಮಾಯಿತು. ನಡುರಾತ್ರಿ ಎಬ್ಬಿಸುತ್ತಿದ್ದ ನೋವು ನಿಂತಿತು. ಆದರೆ ಉಂಡು ಮಲಗಿದೊಡನೆ ಗಂಟಲಿಗೆ ಬರುತ್ತಿದ್ದ ಹುಳಿನೀರು ಹಾಗೆಯೇ ಉಳಿಯಿತು. ವೈದ್ಯರ ಮೇಲೆ ಸಿಡಿಮಿಡಿಗೊಂಡೆ. ತಪ್ಪು ಅವರದಾಗಿರಲಿಲ್ಲ. ಎರಡು ಬೇರೆ ಬೇರೆ ಕಾಯಿಲೆಗಳಿಗೆ 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರಿಟ್ಟುಕೊಂಡಿದ್ದವನು ನಾನು.

ಹುಣ್ಣಿಗೆ ಚಿಂತೆ, ಖಾರ, ಹೊತ್ತು ತಪ್ಪಿದ ಊಟಗಳೇ ಕಾರಣವೆಂದು ನಾನು ತರಗತಿಯಲ್ಲಿಯೂ ಹೇಳಿದ್ದುಂಟು. ಆ ಪಾಠ ಕೇಳಿದವರು ಕ್ಷಮಿಸಬೇಕು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು 1982ರಲ್ಲಿಯೇ ಜಠರದ ಈ ಸೂಕ್ಷ್ಮಾಣುವನ್ನು ಬೆಳೆಸಿ ತೋರಿಸಿದ್ದರು. ಯಾರೂ ನಂಬದಿದ್ದಾಗ, 1984ರಲ್ಲಿ ಮಾರ್ಷಲ್ ಆ ಸೂಕ್ಷ್ಮಾಣುಗಳಿದ್ದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಆ ಸೂಕ್ಷ್ಮಾಣುವೇ ಬಹುಪಾಲು ಹುಣ್ಣುಗಳಿಗೆ ಮೂಲ.

ಎದೆಯುರಿಯ ಕಥೆ ಬೇರೆ. ಅನ್ನನಾಳವು ಜಠರವನ್ನು ಸೇರುವೆಡೆ ಬಳೆಯಂತಹ ಸ್ನಾಯುವೊಂದಿದೆ. ಅದು ಬೇಡದ ಹೊತ್ತಿನಲ್ಲಿ ಸಡಿಲಗೊಂಡಾಗ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಸೂಕ್ಷ್ಮಾಣುವನ್ನು ಕೊಂದ ಮಾತ್ರಕ್ಕೆ ಆ ಬಳೆ ಬಿಗಿಯಾಗುವುದಿಲ್ಲ. ಸೋಂಕು ಬಹುಕಾಲ ಇದ್ದು ಜಠರದ ಒಳಪದರ ಕ್ಷೀಣಿಸಿದವರಲ್ಲಿ ಆಮ್ಲವೇ ಕಡಿಮೆಯಾಗುವುದುಂಟು. ಆದುದರಿಂದ, ಸೋಂಕನ್ನು ನಿವಾರಿಸಿದರೆ ಎದೆಯುರಿ ಹೆಚ್ಚೀತೆಂದು 1990ರ ದಶಕದಲ್ಲಿ ಕೆಲವು ವೈದ್ಯರು ಅಂಜಿದ್ದರು. ಮುಂದಿನ ಅಧ್ಯಯನಗಳು ಬಹುಮಟ್ಟಿಗೆ ಆ ಅಂಜಿಕೆಯನ್ನು ಎತ್ತಿಹಿಡಿಯಲಿಲ್ಲ.

ಹಾಗೆಂದು ಸೂಕ್ಷ್ಮಾಣುವನ್ನು ಸುಮ್ಮನೆ ಬಿಡಬಹುದೆಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1994ರಲ್ಲಿಯೇ ಅದನ್ನು ಕ್ಯಾನ್ಸರ್‌ಕಾರಕವೆಂದು ಸಾರಿದೆ. ಅದನ್ನು ನಿವಾರಿಸಿಕೊಳ್ಳಲೇಬೇಕು, ಆದರೆ ಹುಣ್ಣು ಮರುಕಳಿಸದಿರಲೆಂದು, ಜಠರದ ಕ್ಯಾನ್ಸರಿನ ಅಪಾಯ ತಗ್ಗಲೆಂದು. ಎದೆಯುರಿ ಹೋಗಲೆಂದಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ನಮ್ಮ ಇನ್ನೊಂದು ಅಭ್ಯಾಸದ ಮೇಲೆ. ಯಾರನ್ನೂ ಕೇಳದೆ ಔಷಧಿ ಅಂಗಡಿಯಿಂದ ಪ್ಯಾಂಟೊಪ್ರಜೋಲ್ ತಂದು, ಕಾಫಿಯಷ್ಟೇ ನಿಷ್ಠೆಯಿಂದ ದಿನವೂ ನುಂಗುವವರು ನಮ್ಮ ಬಂಧುಗಳಲ್ಲಿಯೇ ಎಷ್ಟು ಮಂದಿ! ಅದು ಎದೆಯುರಿಯನ್ನೂ ಅಡಗಿಸುತ್ತದೆ, ಹುಣ್ಣಿನ ನೋವನ್ನೂ ಅಡಗಿಸುತ್ತದೆ. ಪರೀಕ್ಷೆಗೆ ಮೊದಲು ಸುಮಾರು ಎರಡು ವಾರ ಅದನ್ನು ನಿಲ್ಲಿಸದಿದ್ದರೆ, ಇರುವ ಸೂಕ್ಷ್ಮಾಣುವೂ ಇಲ್ಲವೆಂದು ವರದಿ ಬರಬಹುದು. ನುಂಗಲು ಕಷ್ಟವಾದರೆ, ಮಲ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ ಮಾತ್ರೆಯನ್ನು ನೆಚ್ಚಿ ಕೂರದೆ ವೈದ್ಯರ ಬಳಿಗೆ ಹೋಗಿ.

ನನ್ನ ಎದೆಯುರಿ ತಗ್ಗಿದ್ದು ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟ ಮೇಲೆ, ರಾತ್ರಿಯ ಊಟವನ್ನು ಏಳು ಗಂಟೆಗೆ ತಂದ ಮೇಲೆ. (ಮನೆಯಾಕೆಗೆ ಆ ಇಟ್ಟಿಗೆಗಳನ್ನು ಕಂಡರೆ ಇಂದಿಗೂ ಆಗದು.)

ಶಿಷ್ಯನಿಗೆ ಇಷ್ಟನ್ನೂ ಹೇಳಿದೆ. 14 ದಿನಗಳ ಮಾತ್ರೆಗಳನ್ನು ಪೂರ್ತಿ ಮುಗಿಸು, ನಾಲ್ಕು ವಾರ ಕಳೆದ ಮೇಲೆ ಸೂಕ್ಷ್ಮಾಣು ಹೋಗಿದೆಯೇ ಎಂದು ಮತ್ತೆ ಪರೀಕ್ಷಿಸಿಕೋ ಎಂದೆ. ರಾತ್ರಿ ಊಟ ಎಷ್ಟು ಗಂಟೆಗೆ ಎಂದು ಕೇಳಿದಾಗ ನಕ್ಕುಬಿಟ್ಟ.

"ಕಚೇರಿಯಿಂದ ಮನೆ ಸೇರುವುದೇ ಒಂಬತ್ತೂವರೆಗೆ, ಮೇಷ್ಟ್ರೇ."