ಗಂಡು ಮಗೂಗೆ ‘ಚಿನ್ನು’ ಅಂದ್ರೆ ಏನ್ ಮುಳುಗೋಗುತ್ತೆ?

1/4

‘ಹೆಸರು ಕೇಳಿದ ತಕ್ಷಣ ಗಂಡೋ ಹೆಣ್ಣೋ ಗೊತ್ತಾಗ್ಬೇಕು.’ ಈ ಮಾತನ್ನ ನಮ್ಮಜ್ಜಿ ಹೇಳಿದ್ರೆ ಸುಮ್ನಿರ್ತಿದ್ದೆ. ಕ್ಯಾಂಟೀನಲ್ಲಿ ಕೂತು ಹೇಳ್ತಿರೋದು ನೀವು. ಇಪ್ಪತ್ತು ವರ್ಷದೋರು, ಬಯೋದಲ್ಲಿ ‘ಸಮಾನತೆ’ ಅಂತ ಬರ್ಕೊಂಡೋರು. ಅದಕ್ಕೇ ಈ ಸಲದ ಸರಣಿ ಮನೆ ಹೆಸರುಗಳ ಬಗ್ಗೆ. ಉದ್ದ ಇದೆ, ಓದಿ. ರೀಲ್ಸ್ ಎಲ್ಲೂ ಓಡಿ ಹೋಗಲ್ಲ.

ನಮ್ಮಕ್ಕಂಗೆ ಗಂಡು ಮಗು ಆಗಿದೆ. ಹೊಟ್ಟೇಲಿದ್ದಾಗಿಂದ ಅವಳು ಅದನ್ನ ‘ಚಿನ್ನು’ ಅಂತಾಳೆ. ಬೇರೆ ಏನಂತ ಕರೀಬೇಕಿತ್ತು? ಹುಟ್ಟೋಕೆ ಮುಂಚೆ ಗಂಡೋ ಹೆಣ್ಣೋ ಹೇಳೋದು 1994ರ ಕಾಯ್ದೆ ಪ್ರಕಾರ ಅಪರಾಧ, ಸ್ಕ್ಯಾನಿಂಗ್ ಸೆಂಟರ್ ಗೋಡೆ ಮೇಲೆ ಬೋರ್ಡ್ ನೋಡಿರ್ತೀರ. ಒಂಬತ್ತು ತಿಂಗಳು ಇಡೀ ಮನೆ ‘ಚಿನ್ನು ಒದೀತಾ?’ ಅಂತಾನೇ ಕೇಳಿದೆ. ಆಗ ಯಾರಿಗೂ ಏನೂ ಅನ್ನಿಸ್ಲಿಲ್ಲ. ಗಂಡು ಅಂತ ಗೊತ್ತಾದ ಮೂರನೇ ದಿನಕ್ಕೆ ನಮ್ಮ ಸೋದರತ್ತೆ ಶುರು ಮಾಡಿದ್ರು: ‘ಇನ್ಮೇಲೆ ಚಿನ್ನು ಗಿನ್ನು ಬೇಡ. ಹೆಣ್ಣು ಹೆಸರಿನ ಥರ ಕೇಳ್ಸುತ್ತೆ. ನಾಳೆ ಕಾಲೇಜಲ್ಲಿ ಹುಡುಗ್ರು ಆಡ್ಕೊಳ್ತಾರೆ.’ ಈಗ ಅತ್ತೆ ಬಂದಾಗ ಅಕ್ಕ ತನ್ನ ಮಗುನ ಪಿಸುಮಾತಲ್ಲಿ ಕರೀತಾಳೆ.

2/4

ನಾನು ಹುಡುಗಿ, ಮನೇಲಿ ನನ್ನ ಹೆಸರು ‘ಅಪ್ಪು’. ಪುನೀತ್ ಅವರ ‘ಅಪ್ಪು’ ಬಂದಿದ್ದು 2002ರಲ್ಲಿ, ನಮ್ಮಪ್ಪ ಪಕ್ಕಾ ಅಭಿಮಾನಿ, ನನಗೆ ಆ ಹೆಸರು ಸಿಕ್ತು. ಇದೇ ಸೋದರತ್ತೆ ಇಷ್ಟು ವರ್ಷದಲ್ಲಿ ಒಂದ್ಸಲನೂ ‘ಗಂಡು ಹೆಸರು, ಬೇಡ’ ಅಂದಿಲ್ಲ. ಮದುವೆ ಮನೇಲಿ ಯಾರಾದ್ರೂ ಸಿಕ್ರೆ ‘ನಮ್ ಅಪ್ಪು ಗಂಡ್ ಹುಡ್ಗ ಇದ್ದಂಗೆ’ ಅಂತ ಹೆಮ್ಮೆಯಿಂದ ಹೇಳ್ತಾರೆ.

ನಿಮ್ಮನೇಲೂ ನೋಡಿ. ಮಗಳನ್ನ ‘ಏನ್ ಮಗನೇ, ಊಟ ಆಯ್ತಾ’ ಅನ್ನೋ ಅಪ್ಪಂದಿರು ಎಷ್ಟು ಜನ! ನಾವು ಹುಡುಗೀರೇ ಒಬ್ರನ್ನೊಬ್ರು ‘ಮಗಾ’ ಅಂತೀವಿ. ಒಬ್ಬ ಅಪ್ಪ ತನ್ನ ಮಗನನ್ನ ಮುದ್ದಾಗಿ ‘ಬಾ ಮಗಳೇ’ ಅಂದಿದ್ದು ಕೇಳಿದೀರಾ? ನಾನಂತೂ ಕೇಳಿಲ್ಲ.

ಅಂದ್ರೆ ನಿಮ್ಮ ಈ ಜೆಂಡರ್ ನ್ಯೂಟ್ರಲ್ ಅನ್ನೋದು ಒನ್ ವೇ ರೋಡ್. ಗಂಡು ಹೆಸರು ಹೆಣ್ಣಿಗೆ ಬಂದ್ರೆ ಪ್ರಮೋಷನ್, ಹೆಣ್ಣಿನ ಥರ ಕೇಳ್ಸೋ ಹೆಸರು ಗಂಡಿಗೆ ಹೋದ್ರೆ ಮರ್ಯಾದೆ ಹೋಯ್ತು. ‘ಗೊಂದಲ ಆಗುತ್ತೆ’ ಅನ್ನೋದು ನೆಪ ಕಣ್ರೋ. ಗೊಂದಲನೇ ಕಾರಣ ಆಗಿದ್ರೆ ನನ್ನ ಹೆಸರಿಗೂ ತಕರಾರು ಬರ್ಬೇಕಿತ್ತು. ಹೆಣ್ಣಿನ ಗಾಳಿ ಸೋಕಿದ್ರೆ ಹುಡುಗ ಕಮ್ಮಿ ಆಗ್ತಾನೆ ಅನ್ನೋ ಭಯ ಇದು. ಹಾಗಾದ್ರೆ ನಾವೇನು, ಡಿಸ್ಕೌಂಟ್ ಮಾಲಾ?

3/4

‘ನಮ್ಮ ಸಂಸ್ಕೃತೀಲಿ ಇದೆಲ್ಲ ಇಲ್ಲ’ ಅನ್ನೋ ಮಹನೀಯರಿಗೆ: ಕನ್ನಡದಲ್ಲಿ ‘ಮಗು ಅಳ್ತಿದೆ’ ಅಂತೀವಿ. ಕೂಸು ಎದ್ದಿತು, ಪಾಪು ಮಲಗಿತು. ನಪುಂಸಕಲಿಂಗ, ಹೈಸ್ಕೂಲಲ್ಲಿ ಮಾರ್ಕ್ಸಿಗೋಸ್ಕರ ಬಾಯಿಪಾಠ ಮಾಡಿದೀರ. ಪುಟ್ಟ–ಪುಟ್ಟಿ, ಕಳ್ಳ–ಕಳ್ಳಿ ಅಂತ ಭೇದ ಇದೆ, ಒಪ್ತೀನಿ. ಆದ್ರೆ ‘ಉ’ ಹಚ್ಚಿದ ಹೆಸರುಗಳನ್ನ ನೋಡಿ: ಚಿನ್ನು, ಮುದ್ದು, ಪಾಪು, ಸೋನು. ಎರಡೂ ಕಡೆ ನಡೆಯುತ್ತೆ.

ಸವದತ್ತಿ ಯಲ್ಲಮ್ಮನ ಭಕ್ತರ ಮನೇಲಿ ಹೆಣ್ಣಾದ್ರೆ ಯಲ್ಲವ್ವ, ಗಂಡಾದ್ರೆ ಯಲ್ಲಪ್ಪ. ದೇವಿ ಹೆಸರು ಹೊತ್ಕೊಂಡು ಮೀಸೆ ತಿರುವೋ ಯಲ್ಲಪ್ಪಂದಿರನ್ನ ಆಡ್ಕೊಳ್ಳೋ ಧೈರ್ಯ ಇದೆಯಾ ನಿಮಗೆ? ಕುವೆಂಪು ಅಂದ್ರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಆ ‘ಪುಟ್ಟ’ಕ್ಕೆ ಅಮ್ಮ ಸೇರಿಸಿದ್ರೆ ಪುಟ್ಟಮ್ಮ, ಅಷ್ಟೇ ವ್ಯತ್ಯಾಸ. ಮುದ್ದಿನ ಹೆಸರಲ್ಲೇ ಜ್ಞಾನಪೀಠ ತಗೊಂಡ್ರು. ಅವರ ಹಿರಿಮಗ ಪೂರ್ಣಚಂದ್ರ ತೇಜಸ್ವಿ ನಿಮಗೆಲ್ಲ ಗೊತ್ತು. ಇನ್ನೊಬ್ಬ ಮಗನ ಹೆಸರು ಗೊತ್ತಾ? ಕೋಕಿಲೋದಯ ಚೈತ್ರ. ಚೈತ್ರ! ನಮ್ಮ ಕ್ಲಾಸಲ್ಲೇ ಇಬ್ರು ಚೈತ್ರ ಇದಾರೆ, ಇಬ್ರೂ ಹುಡುಗೀರು.

ಹೆಸರು ಕೇಳಿದ್ರೆ ಹೆಣ್ಣು ಅಂತ ಗೊತ್ತಾಗ್ಬೇಕು ಅಂತೀರಲ್ಲ, ಇದನ್ನೂ ಕೇಳಿ. ಮಹಾರಾಷ್ಟ್ರದ ಸತಾರಾ ಜಿಲ್ಲೇಲಿ 2011ರಲ್ಲಿ 285 ಹುಡುಗೀರಿಗೆ ಹೊಸ ಹೆಸರು ಕೊಡಿಸಿದ್ರು. ಅವರ ಹಳೇ ಹೆಸರು ‘ನಕುಶಾ’, ‘ನಕುಶಿ’. ಅಂದ್ರೆ ‘ಬೇಡವಾದವಳು’. ಹೆಣ್ಣು ಅಂತ ತುಂಬಾ ಸ್ಪಷ್ಟವಾಗೇ ಗೊತ್ತಾಗ್ತಿತ್ತು.

4/4

ಇನ್ನು ದಾಖಲೆ ಪತ್ರದ ಚಿಂತೆ ಮಾಡೋರು. ಜನನ ನೋಂದಣಿ ಫಾರಂನಲ್ಲಿ ಹೆಸರಿಗೆ ಒಂದು ಕಾಲಂ, ಲಿಂಗಕ್ಕೆ ಇನ್ನೊಂದು. 21 ದಿನದೊಳಗೆ ಹುಟ್ಟಿದ್ದನ್ನ ನೋಂದಾಯಿಸಿದ್ರೆ ಸಾಕು, ಹೆಸರನ್ನ ಆಮೇಲೆ ಒಂದು ವರ್ಷದೊಳಗೆ ಶುಲ್ಕ ಇಲ್ದೆ ಸೇರಿಸ್ಬಹುದು. ಚಿನ್ನು ಅಲ್ಲಿಗೆ ಹೋಗೋದೇ ಇಲ್ಲ. ಒಂದ್ವೇಳೆ ಹೋದ್ರೂ, ಪಕ್ಕದ ಕಾಲಂ ಇದ್ಯಲ್ಲ? ಬಿಕಾಂ ಓದ್ತಿದೀರ, ಒಂದೇ ಎಂಟ್ರಿನ ಎರಡು ಸಲ ಯಾಕೆ ಪೋಸ್ಟ್ ಮಾಡ್ತೀರ? (ಹಾಗೆ ಮಾಡಿದ್ರೂ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಬಿಡುತ್ತೆ, ಗೊತ್ತು. ತಪ್ಪು ತಪ್ಪೇ.)

ಅತ್ತೆ ಹೇಳಿದ್ದರಲ್ಲಿ ಒಂದು ಮಾತು ಮಾತ್ರ ನನಗೆ ಚುಚ್ತಾ ಇದೆ. ‘ಕಾಲೇಜಲ್ಲಿ ಹುಡುಗ್ರು ಆಡ್ಕೊಳ್ತಾರೆ.’ ಯಾರು ಆ ಹುಡುಗ್ರು? ನೀವೇ. ಹೋದ ತಿಂಗಳು ನಮ್ಮ ಕ್ಲಾಸಿನ ಒಬ್ಬನಿಗೆ ಅವರಮ್ಮ ಫೋನ್ ಮಾಡಿದ್ರು, ಸ್ಪೀಕರ್ ಆನ್ ಇತ್ತು. ‘ಅಮ್ಮು, ತಿಂಡಿ ತಿಂದ್ಯಾ ಬಂಗಾರ?’ ಅಷ್ಟೇ ಕೇಳಿದ್ದು ಆ ತಾಯಿ. ಅವತ್ತಿಂದ ಅಟೆಂಡೆನ್ಸಲ್ಲಿ ಅವನ ನಂಬರ್ ಬಂದಾಗೆಲ್ಲ ಹಿಂದಿನ ಬೆಂಚಿಂದ ಕೀರಲು ದನೀಲಿ ‘ಅಮ್ಮೂ...’ ಹುಡುಗೀರೂ ನಕ್ಕಿದೀರ, ನೋಡಿದೀನಿ. ಈಗ ಅವನು ಅಮ್ಮನ ಕಾಲ್ ಬಂದ್ರೆ ಕಟ್ ಮಾಡ್ತಾನೆ. ಪಕ್ಕದಲ್ಲಿ ಯಾರೂ ಇಲ್ದಿದ್ರೂ ಕಟ್ ಮಾಡ್ತಾನೆ.

ನಮ್ಮತ್ತೆ ಹೆದರಿರೋದು ನಿಮಗೆ. ಒಂದು ತಿಂಗಳೂ ತುಂಬದ ಕೂಸಿನ ಹೆಸರನ್ನ ನೀವು ಹಿಂದಿನ ಬೆಂಚಲ್ಲಿ ಕೂತು ಬದಲಾಯಿಸ್ತಿದೀರ.

ಸೋಮವಾರ ಫಸ್ಟ್ ಅವರ್ ಕಾಸ್ಟ್ ಅಕೌಂಟಿಂಗ್. ಅಟೆಂಡೆನ್ಸ್ ಹೊತ್ತಿಗೆ ಆ ದನಿ ಬಂದ್ರೆ ನಾನು ಎದ್ದು ನಿಂತು, ಲೆಕ್ಚರರ್ ಮುಂದೇನೇ ಒಂದೇ ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮಮ್ಮ ನಿನ್ನನ್ನ ಮನೇಲಿ ಏನಂತ ಕರೀತಾರೆ, ಹೇಳಪ್ಪ?