ಲೈಸೆನ್ಸ್ ನಿಮ್ಮದು, ಇ-ಮೇಲ್ ಯಾರದು?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ಅಡತಿ ವ್ಯಾಪಾರಸ್ಥರೆ, ಬೀಜ-ಗೊಬ್ಬರದ ಅಂಗಡಿಯವರೆ, ಸೊಸೈಟಿ ಕಾರ್ಯದರ್ಶಿಗಳೆ, ಪ್ರೆಸ್ಸಿನ ಅಣ್ಣಂದಿರೆ,

ರೊಕ್ಕ ಕೊಟ್ಟು ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತಗೊಂಡೀರಿ. ಸೀರಿಯಲ್ ನಂಬರ್ ಎಲ್ಲೈತಿ ಅಂದರೆ "ನಮ್ಮ ಹುಡುಗಗ ಗೊತ್ರಿ" ಅಂತೀರಿ. ಹುಡುಗ ಕೆಲಸ ಬಿಟ್ಟು ಪುಣೆಗೆ ಹೋದ ಮೇಲೆ? ಲೈಸೆನ್ಸ್ ಕೇಳುವುದು ಅವನ ಇ-ಮೇಲ್ ಮತ್ತು ಪಾಸ್‌ವರ್ಡ್; ಅನ್‌ಲಾಕ್ ಕೀ ಬಂದು ಬೀಳುವುದೂ ಅದೇ ಮೇಲಿಗೆ.

ಇವತ್ತು ಅಂಗಡಿ ಕದ ಹಾಕುವ ಮೊದಲು ಟ್ಯಾಲಿಪ್ರೈಮ್ ತೆರೆದು, ಎಫ್1 ಒತ್ತಿ, 'ಅಬೌಟ್' ನೋಡಿರಿ. ಸೀರಿಯಲ್ ನಂಬರ್ ಬರೆದುಕೊಳ್ಳಿರಿ. ಅಲ್ಲಿರುವ ಇ-ಮೇಲ್ ಮಾಲಕರದಲ್ಲದಿದ್ದರೆ, ಹುಡುಗ ಕೆಲಸದಲ್ಲಿದ್ದಾಗಲೇ ಬದಲಿಸಿರಿ.

"ಕಂಪ್ಯೂಟರ್ ನಿಧಾನ ಆಗೈತಿ, ಫಾರ್ಮ್ಯಾಟ್ ಹೊಡಿ" ಅನ್ನುವ ಮುನ್ನ ತಡೆಯಿರಿ. ಲೈಸೆನ್ಸ್ ಫೈಲು ಆ ಯಂತ್ರಕ್ಕೇ ಕಟ್ಟಿದ್ದು. ಪೆನ್‌ಡ್ರೈವಿನಲ್ಲಿ ಒಯ್ದು ಬೇರೆ ಕಂಪ್ಯೂಟರಿಗೆ ಹಾಕಿದರೆ ನಡೆಯುವುದಿಲ್ಲ. ಇಂಟರ್ನೆಟ್ ಇರುವಾಗ ಹಳೆಯದರಲ್ಲಿ 'ಸರೆಂಡರ್' ಮಾಡಿ, ಹೊಸದರಲ್ಲಿ 'ರಿಆಕ್ಟಿವೇಟ್' ಮಾಡಿರಿ. ಡೇಟಾ ಫೋಲ್ಡರಿನ ಬ್ಯಾಕಪ್ ಬೇರೆ ಕೆಲಸ, ಅದನ್ನೂ ಮರೆಯಬೇಡಿರಿ.

'ಎಜುಕೇಶನಲ್ ಮೋಡ್' ಅಂತ ತೋರಿಸಿ, ತಿಂಗಳ 1, 2, 31 ಬಿಟ್ಟು ಬೇರೆ ತಾರೀಖಿಗೆ ವೋಚರ್ ಹಾಕಲು ಬಿಡದಿದ್ದರೆ ಲೆಕ್ಕ ಹಾಳಾಯಿತೆಂದು ಗಾಬರಿಯಾಗಬೇಡಿರಿ. ಲೆಕ್ಕ ಇದ್ದಲ್ಲೇ ಇರುತ್ತದೆ, ಲೈಸೆನ್ಸ್ ಸಿಕ್ಕಿಲ್ಲ ಅಷ್ಟೆ. ಮದರ್‌ಬೋರ್ಡಿನ ಸೆಲ್ ಸತ್ತು ತಾರೀಖು ಹಿಂದೆ ಹೋಗಿದೆಯೋ, ಲೈಸೆನ್ಸ್ ಫೈಲನ್ನು ಆಂಟಿವೈರಸ್ ಹಿಡಿದಿಟ್ಟಿದೆಯೋ ಮೊದಲು ನೋಡಿರಿ. ಟಿಎಸ್‌ಎಸ್ (ಟ್ಯಾಲಿ ಸಾಫ್ಟ್‌ವೇರ್ ಸರ್ವಿಸಸ್) ಚಂದಾ ಮುಗಿದರೆ ಹೊಸ ಆವೃತ್ತಿ, ಆನ್‌ಲೈನ್ ಸೇವೆ ನಿಲ್ಲುತ್ತವೆ. ಕೊಂಡ ಲೈಸೆನ್ಸ್ ಸಾಯುವುದಿಲ್ಲ. ಸತ್ತಿತೆಂದು ಹೇಳಿ ಹೊಸದನ್ನು ಮಾರಲು ಬಂದವರಿಗೆ ಚಹಾ ಕುಡಿಸಿ ಕಳಿಸಿರಿ.

ಕ್ರ್ಯಾಕ್ ಹಾಕಿಕೊಡುತ್ತೇನೆ ಅನ್ನುವವರಿಗೆ ಚಹಾನೂ ಬೇಡ. ಗೊತ್ತಿದ್ದೂ ಕಳ್ಳ ನಕಲು ಬಳಸಿದರೆ 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಮಿನಡಿ 3 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ ಇದೆ. ಪ್ರೆಸ್ಸಿನವರೆ, ಬರೀ ಕನ್ನಡ ಟೈಪಿಂಗಿಗಾದರೆ ಕಳ್ಳ ನಕಲೇಕೆ? ಕನ್ನಡ ಗಣಕ ಪರಿಷತ್ತಿನ 'ನುಡಿ' ಪುಕ್ಕಟೆ ಸಿಗುತ್ತದೆ.

2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿದ್ದು ಗೊತ್ತೇ ಇದೆ. ಸೀರಿಯಲ್ ನಂಬರಿನ ಚೀಟಿಯನ್ನು ಸಿಪಿಯು ಮೇಲೆ ಅಂಟಿಸಿದರೆ ಎರಡೂ ಒಟ್ಟಿಗೇ ನೀರಿಗೆ ಹೋಗುತ್ತವೆ. ಈ ಕರಪತ್ರವನ್ನೇ ತುಂಬಿ, ಖರೀದಿ ಬಿಲ್ಲಿನ ಜೊತೆ ಮನೆಯ ತಿಜೋರಿಯಲ್ಲಿಡಿರಿ. ಪಾಸ್‌ವರ್ಡ್ ಮಾತ್ರ ಇದರಲ್ಲಿ ಬರೆಯಬೇಡಿರಿ.

ಸೀರಿಯಲ್ ನಂಬರ್: ....................
ಮಾಲಕರ ಇ-ಮೇಲ್: ....................
ಖರೀದಿಸಿದ ತಾರೀಖು: ....................
ಯಾವ ಕಂಪ್ಯೂಟರಿನಲ್ಲಿದೆ: ....................